ಹತ್ತು ಸೆಕೆಂಡು, ಹತ್ತೊಂಬತ್ತು ಸಲ

“ನನ್ನ ನಲವತ್ತು ಸೆಕೆಂಡು ಎಲ್ರೀ?”

ಬಾಗಿಲು ತಟ್ಟಲಿಲ್ಲ, ತಾನು ಯಾರೆಂದು ಹೇಳಲಿಲ್ಲ. ಎಡಿಟಿಂಗ್ ಕೋಣೆಗೆ ನುಗ್ಗಿ ಅವನು ಆಡಿದ ಮೊದಲ ಮಾತೇ ಇದು!

ಅವಳು ಹೆಡ್‌ಫೋನ್ ತೆಗೆದು ತಿರುಗಿ ನೋಡಿದಳು. ಮೂವತ್ತೇಳು ಮೂವತ್ತೆಂಟರ ಗಂಡಸು. ಕ್ಷೌರ ಕಂಡು ವಾರವಾದ ಮುಖ. ಕಣ್ಣು ಕೆಂಪಗಿತ್ತು. ಸಿಟ್ಟಿಗೋ, ನಿದ್ದೆಗೆಟ್ಟೋ, ಹೇಳುವುದು ಕಷ್ಟ.

“ಯಾರು ನೀವು?”

“ಈ ಸಿನಿಮಾ ಬರೆದೋನು. ಆಸ್ಪತ್ರೆ ಸೀನ್ ತೆಗೆದುಹಾಕಿದ್ದೀರಲ್ಲ, ಯಾಕೆ?”

‘ಓಹೋ... ಕಥೆಗಾರ ಮಹಾಶಯರು!’ ಎಂದುಕೊಂಡಳು ಅವಳು. ಕೆಲಸಕ್ಕೆ ಸೇರಿ ನಾಲ್ಕೇ ದಿನ. ಅಷ್ಟರಲ್ಲೇ ಜಗಳ!

“ಅಲ್ಲಿಗೆ ಹೋಗಬೇಕಂದ್ರೆ ನೋಡೋರು ಸಾಲಾಗಿ ಆರು ಸಲ ತಪ್ಪು ದಾರಿ ಆರಿಸಬೇಕು. ಹೋದ ಮೇಲೆ ಅಲ್ಲೇನಿದೆ? ಒಬ್ಬ ಗಂಡಸು ಕೈಯಲ್ಲಿ ಕಾಗದ ಹಿಡ್ಕೊಂಡು ಬೆಂಚಿನ ಮೇಲೆ ಕೂತಿದ್ದಾನೆ. ಮುಂದೆ ದಾರಿನೇ ಇಲ್ಲ. ಅಲ್ಲಿಗೆ ಯಾರ್ರೀ ಹೋಗ್ತಾರೆ?”

ಅವನು ಪರದೆಯ ಕಡೆ ನೋಡಿದ. ಅಷ್ಟು ಹೊತ್ತು ಇದ್ದ ಸಿಟ್ಟೆಲ್ಲ ಎಲ್ಲಿ ಇಳಿದುಹೋಯಿತೋ!

“ಹೋದವರು ಇದ್ದಾರೆ” ಎಂದ, ಮೆಲ್ಲಗೆ.

ಅಷ್ಟೇ. ಬಂದ ಹಾಗೆಯೇ ಹೊರಟುಹೋದ. ಬಾಗಿಲು ಹಾಕುವುದನ್ನೂ ಮರೆತಿದ್ದ.

ಅವಳಿಗೆ ಆ ಮಧ್ಯಾಹ್ನವೆಲ್ಲ ಕೈಗೆ ಕೆಲಸ ಹತ್ತಲಿಲ್ಲ. ಸಂಜೆ ಮನೆಗೆ ಹೊರಡುವ ಮುಂಚೆ, ಯಾರೂ ಹೇಳದಿದ್ದರೂ, ಆ ನಲವತ್ತು ಸೆಕೆಂಡನ್ನು ಇದ್ದ ಜಾಗಕ್ಕೆ ವಾಪಸ್ಸು ಇಟ್ಟಳು. ಒಮ್ಮೆ ನೋಡಿದಳು. ಬೆಂಚಿನ ಮೇಲೆ ಕೂತ ಗಂಡಸು ತಲೆಯೆತ್ತುವುದೇ ಇಲ್ಲ. ಕಾಗದ ಮಾತ್ರ ಕೈಯಲ್ಲಿ ಸಣ್ಣಗೆ ನಡುಗುತ್ತದೆ.

ಅವಳು ಇನ್ನೊಮ್ಮೆ ನೋಡಿದಳು. ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ.

*

ನೋಡುವವರೇ ಕಥೆ ನಡೆಸುವ ಸಿನಿಮಾ ಅದು. ಒಂದು ಹೆಣ್ಣು, ಒಂದು ಗಂಡು, ಅವರ ಪುಟ್ಟ ಮನೆ. ಹನ್ನೊಂದು ಕಡೆ ಕಥೆ ನಿಲ್ಲುತ್ತದೆ. ಪರದೆಯ ಮೇಲೆ ಎರಡು ಸಾಲು ಮೂಡುತ್ತವೆ. ಹತ್ತು ಸೆಕೆಂಡಿನೊಳಗೆ ಒಂದನ್ನು ಒತ್ತಬೇಕು.

ಒತ್ತದಿದ್ದರೆ? ಸಿನಿಮಾ ಯಾರಿಗೂ ಕಾಯುವುದಿಲ್ಲ. ಮೊದಲೇ ಗೊತ್ತುಮಾಡಿಟ್ಟ ದಾರಿ ಹಿಡಿದು ಮುಂದೆ ಹೋಗಿಬಿಡುತ್ತದೆ. ಆಫೀಸಿನಲ್ಲಿ ಅದಕ್ಕೆ ‘ತಾನೇ ಹೋಗೋ ದಾರಿ’ ಎನ್ನುತ್ತಿದ್ದರು. ಯಾವ ತಿರುವಿನಲ್ಲಿ ಅದು ಯಾವ ಕಡೆ ಹೋಗಬೇಕೆಂದು ಗೊತ್ತುಮಾಡುವುದು ಎಡಿಟರ್ ಕೆಲಸ. ಅಂದರೆ ಅವಳ ಕೆಲಸ.

ಹನ್ನೊಂದು ಕಡೆಯೂ ಅವಳು ಇಟ್ಟಿದ್ದು ದುಃಖದ ದಾರಿಯನ್ನೇ!

“ಯಾಕಮ್ಮಾ, ಎಲ್ಲಾ ಕಡೆ ಅಳುಮುಂಜಿ ದಾರೀನೇ ಇಟ್ಟಿದ್ದೀಯಾ?” ಎಂದು ಡೈರೆಕ್ಟರ್ ತಲೆ ಚಚ್ಚಿಕೊಂಡರು.

“ಬೇಕು ಅಂತ ಬಾಯಿ ಬಿಡದೋರಿಗೆ ಒಳ್ಳೇದು ಯಾಕೆ ಸಿಗಬೇಕು ಸಾರ್?” ಎಂದು ನಕ್ಕಳು.

ನಕ್ಕಿದ್ದೇನೋ ಹೌದು. ಆದರೆ ಆ ಮಾತು ಅವಳು ತನಗೆ ತಾನೇ ಹೇಳಿಕೊಂಡಿದ್ದು ಅಂತ ಪಾಪ, ಡೈರೆಕ್ಟರಿಗೆ ಹೇಗೆ ಗೊತ್ತಾಗಬೇಕು?

ಅವಳ ಅಮ್ಮ ಮೂರು ವರ್ಷ ಹಾಸಿಗೆ ಹಿಡಿದಿದ್ದಳು. ಮದುವೆಯಾಗಿ ಬೇರೆ ಊರು ಸೇರಿದ್ದ ಅಣ್ಣ ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ ಬಂದು ಹೋಗುತ್ತಿದ್ದ. ಎತ್ತಿದ್ದು, ಕೂರಿಸಿದ್ದು, ಒರೆಸಿದ್ದು, ಉಣಿಸಿದ್ದು ಎಲ್ಲ ಇವಳೇ. ‘ನಿನಗೇನು ಬೇಕು’ ಎಂದು ಆ ಮೂರು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಇವಳೂ ಹೇಳಲಿಲ್ಲ. ಕೊನೆಯ ದಿನ ಅಮ್ಮ ಕಣ್ಣು ತೆರೆದಾಗ ಎದುರಿಗೆ ಕೂತಿದ್ದವಳು ಇವಳು. ಅಮ್ಮ ಕರೆದಿದ್ದು ಮಾತ್ರ ಅಣ್ಣನನ್ನು.

ಆರು ತಿಂಗಳಾಯಿತು. ಅಮ್ಮನ ಮಂಚ ಇನ್ನೂ ಹಾಲಿನಲ್ಲೇ ಇದೆ. ಅದನ್ನು ಒಬ್ಬಳೇ ಎತ್ತಿಡಲು ಆಗುವುದಿಲ್ಲ. ಎತ್ತಿಡಿ ಎಂದು ಕೇಳಲು ಯಾರೂ ಇಲ್ಲ.

*

ಇನ್ನು ಅವನ ವಿಷಯ.

ಆಫೀಸಿನಲ್ಲಿ ಎಲ್ಲರೂ ಅವನನ್ನು ‘ಯಾವುದಾದ್ರೂ ಸಾರ್’ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಮುಖದ ಮುಂದೆಯೇ!

ಟೀನಾ ಕಾಫಿನಾ ಎಂದರೆ “ಯಾವುದಾದ್ರೂ ಸರಿ.” ಕಿಟಕಿ ತೆಗೆಯಲಾ ಮುಚ್ಚಲಾ ಎಂದರೆ “ಯಾವುದಾದ್ರೂ ಸರಿ.” ಕ್ಯಾಂಟೀನಿನಲ್ಲಿ ಪಕ್ಕದವರ ತಟ್ಟೆ ತೋರಿಸಿ “ಅವರಿಗೇನೋ ಅದೇ ನನಗೂ” ಎನ್ನುತ್ತಿದ್ದ. ಒಮ್ಮೆ ಪಕ್ಕದವರು ಹೊಟ್ಟೆ ಕೆಟ್ಟು ಬರೀ ಗಂಜಿ ಕುಡಿಯುತ್ತಿದ್ದರು. ಇವನೂ ಗಂಜಿ ಕುಡಿದು ಎದ್ದುಹೋದ!

“ನೋಡೇ, ಹನ್ನೊಂದು ತಿರುವಿನ ಸಿನಿಮಾ ಬರೆದಿರೋ ಮನುಷ್ಯ! ಒಂದು ಬಿಸ್ಕತ್ತು ಆರಿಸೋಕೆ ಬರಲ್ಲ” ಎಂದು ಬಟನ್ ಅಕ್ಕ ನಗಾಡುತ್ತಿದ್ದಳು.

ಬಟನ್ ಅಕ್ಕ ಎಂದರೆ ಆ ಸಿನಿಮಾದ ಗುಂಡಿಗಳನ್ನೂ ಗಡಿಯಾರವನ್ನೂ ಕಂಪ್ಯೂಟರಿನಲ್ಲಿ ಕೂರಿಸಿದ ಎಂಜಿನಿಯರ್. ಬಾಯಿ ಜೋರು, ಮನಸ್ಸು ಮೆತ್ತಗೆ. ಇಡೀ ಆಫೀಸಿನಲ್ಲಿ ನಮ್ಮ ಹುಡುಗಿಗೆ ಇದ್ದ ಒಬ್ಬಳೇ ಗೆಳತಿ.

ಕಥೆಗಾರನೂ ಎಡಿಟರೂ ದಿನಾ ಒಂದೇ ಕೋಣೆಯಲ್ಲಿ ಕೂರಬೇಕಾಯಿತು. ಗೋಡೆಯ ತುಂಬ ಚೀಟಿ ಅಂಟಿಸಿ, ಚೀಟಿಯಿಂದ ಚೀಟಿಗೆ ದಾರ ಎಳೆದು ಕಥೆಯ ದಾರಿಗಳನ್ನು ತೋರಿಸಿದ್ದರು. ಒಂದು ದಾರ ಕಿತ್ತರೆ ಹತ್ತು ಕಡೆ ಕಥೆ ಕೆಡುತ್ತಿತ್ತು. ಇಬ್ಬರೂ ಸ್ಟೂಲು ಹತ್ತಿ ಇಳಿದು, ಜಗಳವಾಡಿ, ಮತ್ತೆ ಹತ್ತಿ...

ಯಾವಾಗ ಅವಳು ಇಬ್ಬರಿಗೂ ಸೇರಿಸಿ ಊಟ ಹೇಳತೊಡಗಿದಳೋ ಅವಳಿಗೇ ನೆನಪಿಲ್ಲ. ಅವಳು ತಲೆನೋವೆಂದು ಕಣ್ಣು ಮುಚ್ಚಿದ ದಿನ, ಕೇಳದೆಯೇ ಕೋಣೆಯ ದೊಡ್ಡ ಲೈಟು ಆರಿಸಿ ಹೋಗುತ್ತಿದ್ದವನು ಅವನು. ಇದನ್ನೆಲ್ಲ ಏನೆಂದು ಕರೆಯಬೇಕೋ ಇಬ್ಬರೂ ಕರೆಯಲಿಲ್ಲ.

ಒಂದು ಸಂಜೆ ಕರೆಂಟು ಹೋಯಿತು. ಕತ್ತಲು ಕೋಣೆಯಲ್ಲಿ ಇಬ್ಬರೇ. ಅವಳು ಕೇಳಿಯೇಬಿಟ್ಟಳು.

“ಆ ಬೆಂಚಿನ ಮೇಲೆ ಕೂತಿರೋದು... ನೀವಾ?”

ಅವನು ಕೈಯಲ್ಲಿದ್ದ ಚೀಟಿಯನ್ನು ಮಡಚುವ ಸದ್ದು ಕೇಳಿಸಿತು.

“ನನ್ನ ಹೆಂಡತಿಗೆ ತಲೇಲಿ ಗಡ್ಡೆ ಆಗಿತ್ತು. ಡಾಕ್ಟರ್ ಎರಡು ದಾರಿ ಹೇಳಿದ್ರು. ಇವತ್ತೇ ಆಪರೇಷನ್. ಇಲ್ಲಾಂದ್ರೆ ಮಾತ್ರೆ ಕೊಟ್ಟು ಹದಿನೈದು ದಿನ ನೋಡೋದು. ಅವಳು ನನ್ನ ಮುಖ ನೋಡಿ ‘ನೀವೇ ಹೇಳಿ’ ಅಂದ್ಲು...”

“ಹೇಳಿದ್ರಾ?”

“ಹೇಳಿದೆ. ಆಪರೇಷನ್ ಮಾಡಿ ಅಂತ ಕಾಗದಕ್ಕೆ ಸಹಿ ಹಾಕಿದೆ. ಒಳಗೆ ಕರ್ಕೊಂಡು ಹೋದ್ರು. ವಾಪಸ್ ಬರಲಿಲ್ಲ.” ಅವನ ದನಿ ಒಡೆಯಿತು. “ಐದು ವರ್ಷ ಆಯ್ತು. ಇನ್ನೊಂದು ದಾರಿ ಹಿಡಿದಿದ್ರೆ ಇರ್ತಿದ್ಲಾ? ಯಾರನ್ನ ಕೇಳಲಿ ಹೇಳಿ...”

ಅವಳು ತನ್ನ ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡಳು. ಅಮ್ಮ ಕೊನೆಗೆ ಅಣ್ಣನನ್ನು ಕರೆದಿದ್ದನ್ನು ಹೇಳಿದಳು. ಅದುವರೆಗೂ ಯಾರಿಗೂ ಹೇಳಿರಲಿಲ್ಲ. ಕರೆಂಟು ಬಂದಾಗ ಇಬ್ಬರ ಕಣ್ಣೂ ಒದ್ದೆಯಾಗಿತ್ತು. ಇಬ್ಬರೂ ಬೇರೆ ಬೇರೆ ಕಡೆ ತಿರುಗಿ ಒರೆಸಿಕೊಂಡರು.

*

ಆ ಭಾನುವಾರ ಬೆಳಗ್ಗೆ ಅಣ್ಣ, ಅತ್ತಿಗೆ ಬಂದರು.

ಅತ್ತಿಗೆ ಮನೆಯೆಲ್ಲ ಒಂದು ಸುತ್ತು ನೋಡಿ, ಅಮ್ಮನ ಮಂಚದ ತುದಿಯಲ್ಲಿ ಕೂತಳು.

“ಇನ್ನೂ ಎಷ್ಟು ದಿನ ಅಂತ ಹೀಗೆ ಒಬ್ಬಳೇ ಇರ್ತೀಯಾ? ನಮ್ಮ ಜೊತೆ ಬಂದುಬಿಡು. ನಿಮ್ಮಣ್ಣ ಅಲ್ಲಿ ಕೆಲಸಾನೂ ನೋಡಿದ್ದಾರೆ. ಈ ತಿಂಗಳ ಕೊನೆಗೆ ಸೇರ್ಕೋಬೇಕಂತೆ.”

“ನನಗೆ ಇಲ್ಲೇ ಕೆಲಸ ಇದೆಯಲ್ಲ ಅತ್ತಿಗೆ...”

“ಕೆಲಸ ಇದೆ, ಸರಿ” ಎಂದ ಅಣ್ಣ. ಅವನ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾದ ಕಾಳಜಿ ಇತ್ತು. “ಇಲ್ಲಿ ನಿನಗೆ ಯಾರಿದ್ದಾರೆ ಪುಟ್ಟೀ?”

ಅವಳು ಮಂಚದ ಮೇಲಿನ ಹೊದಿಕೆ ಸರಿಮಾಡಿದಳು. ಒಂದು ಮುಖ ಕಣ್ಣ ಮುಂದೆ ಬಂತು. ಆದರೆ ಆ ಮುಖವನ್ನು ‘ನನಗೆ ಇದ್ದಾರೆ’ ಎಂದು ಯಾವ ಧೈರ್ಯದ ಮೇಲೆ ಹೇಳುವುದು?

ಮಾರನೇ ದಿನ ಆಫೀಸಿನ ಮೆಟ್ಟಿಲ ಮೇಲೆ ಅವನು ಸಿಕ್ಕ.

“ಅಣ್ಣ ಕರೀತಿದ್ದಾನೆ. ಅವರ ಊರಿಗೆ. ಅಲ್ಲೇ ಇದ್ದುಬಿಡು ಅಂತಿದ್ದಾನೆ.” ಅವಳು ಅವನ ಮುಖವನ್ನೇ ನೋಡಿದಳು. “ಹೋಗಬೇಕೋ ಬೇಡವೋ ಗೊತ್ತಾಗ್ತಿಲ್ಲ...”

‘ಬೇಡ ಅನ್ನಿ. ಒಂದೇ ಒಂದು ಸಲ ಅನ್ನಿ. ಆಮೇಲೆ ಜನ್ಮದಲ್ಲಿ ಏನೂ ಕೇಳಲ್ಲ!’

ಅವನ ಮುಖ ಬಿಳುಚಿಕೊಂಡಿತು. ಕೈ ಮೆಟ್ಟಿಲ ಕಂಬಿ ಹಿಡಿಯಿತು.

“ಅದು... ನಿಮಗೆ ಹೇಗನ್ನಿಸುತ್ತೋ ಹಾಗೆ ಮಾಡಿ ಮೇಡಂ.”

ಹಾಗೆ ಹೇಳಿ ಮೆಟ್ಟಿಲಿಳಿದು ಹೋದ. ಅವಳು ಅಲ್ಲೇ ನಿಂತಿದ್ದಳು. ಮೇಲೆ ಹೋಗುವವರು ಕೆಳಗೆ ಬರುವವರು ಅವಳನ್ನು ಸುತ್ತು ಹಾಕಿಕೊಂಡು ಹೋದರು.

*

ಬಾಯಿಂದ ಕೇಳಲು ಆಗಲಿಲ್ಲ. ಆದರೆ ಕೇಳದೆ ಹೋಗಲು ಮನಸ್ಸು ಒಪ್ಪಲಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರೋ... ಒಂದು ಪತ್ರ ಬರೆಯುತ್ತಿದ್ದಿರೇನೋ. ಅವಳು ಎಡಿಟರ್. ಅವಳಿಗೆ ಗೊತ್ತಿದ್ದಿದ್ದು ಒಂದೇ ವಿದ್ಯೆ.

ಸಿನಿಮಾದ ಕೊನೆಯಲ್ಲಿ ಒಂದು ದೃಶ್ಯವಿದೆ. ಹೆಣ್ಣು ಪೆಟ್ಟಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾಳೆ. ನಮ್ಮ ಹುಡುಗಿ ಆ ಭಾಗದ ಇನ್ನೊಂದು ಪ್ರತಿ ಮಾಡಿದಳು. ನಟಿಯ ದನಿ ಅಳಿಸಿದಳು. ಮೈಕಿನ ಮುಂದೆ ಕೂತು, ಮೂರು ಸಲ ತಡವರಿಸಿ, ನಾಲ್ಕನೇ ಸಲಕ್ಕೆ ತನ್ನ ದನಿಯಲ್ಲೇ ಹೇಳಿದಳು.

“ನಾನು ಹೋಗಲಾ?”

ಕೆಳಗೆ ಎರಡು ಸಾಲು ಇಟ್ಟಳು. ಒಂದು, ‘ಬೇಡ, ಇಲ್ಲೇ ಇರು.’ ಇನ್ನೊಂದು, ‘ಹೋಗಿ ಬಾ.’

ಹತ್ತು ಸೆಕೆಂಡು. ಉಳಿದ ಕಡೆ ಮಾಡಿದ ಹಾಗೆ ಇಲ್ಲಿಯೂ ಕೈ ತನ್ನ ಪಾಡಿಗೆ ‘ತಾನೇ ಹೋಗೋ ದಾರಿ’ಯನ್ನು ಗೊತ್ತುಮಾಡಿತು. ಅದನ್ನು ಅವಳು ಗಮನಿಸಲೂ ಇಲ್ಲ. ದಿನಾ ಮಾಡುವ ಕೆಲಸ, ಅಭ್ಯಾಸವಾದ ಕೈ.

“ಕೊನೇ ಸೀನ್ ಸ್ವಲ್ಪ ಬದಲಾಯಿಸಿದ್ದೀನಿ. ಮನೇಲಿ ಒಬ್ಬರೇ ಕೂತು ನೋಡಿ” ಎಂದು ಶುಕ್ರವಾರ ಅವನಿಗೆ ಕಳಿಸಿದಳು.

ಶನಿವಾರ, ಭಾನುವಾರ ಹೇಗೆ ಕಳೆದಳೋ ದೇವರಿಗೇ ಗೊತ್ತು. ಸೋಮವಾರ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದಳು. ಯಾರು ಯಾವ ದಾರಿ ಹಿಡಿದರು ಎಂದು ತೋರಿಸುವ ಪುಟ ತೆರೆದಳು. ಅವನ ಪ್ರತಿಯ ಎದುರಿಗೆ ಒಂದೇ ಸಾಲಿತ್ತು.

‘ಹೋಗಿ ಬಾ.’

ಅವಳು ಅಳಲಿಲ್ಲ. ಒಮ್ಮೆ ಓದಿದಳು. ಕೆಳಗೆ ‘ವಿವರ’ ಎಂದು ಒತ್ತಿದರೆ ಇನ್ನೂ ಏನೇನೋ ಕಾಣುತ್ತಿತ್ತು. ಒತ್ತಲಿಲ್ಲ. ಇನ್ನೇನು ವಿವರ ಬೇಕು?

‘ಗೊತ್ತಿತ್ತು. ನನಗೆ ಮೊದಲೇ ಗೊತ್ತಿತ್ತು.’

ಹನ್ನೊಂದು ಗಂಟೆಗೆ ರಾಜೀನಾಮೆ ಕೊಟ್ಟಳು.

*

ಅವನು ಆ ವಾರ ಆಫೀಸಿಗೇ ಬರಲಿಲ್ಲ. ಆರೋಗ್ಯ ಸರಿಯಿಲ್ಲ ಎಂದು ಡೈರೆಕ್ಟರಿಗೆ ಎರಡು ಸಾಲು ಬರೆದಿದ್ದನಂತೆ.

‘ಮುಖ ತೋರಿಸೋಕೂ ಹೆದರಿದ್ರು ನೋಡು. ನಾನೇನು ತಿಂದುಬಿಡ್ತಿದ್ನಾ?’

ಸಿಟ್ಟು ಬಂದರೂ ಒಂದು ರೀತಿ ಒಳ್ಳೆಯದಿತ್ತು. ಅದೂ ಬರಲಿಲ್ಲ. ಗೋಡೆಯ ಚೀಟಿಗಳಲ್ಲಿ ಅವನ ಕೈಬರಹ ಕಂಡರೆ ಕುರ್ಚಿ ತಿರುಗಿಸಿ ಕೂರುತ್ತಿದ್ದಳು. ಮನೆಯಲ್ಲಿ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬಿದಳು. ಅಮ್ಮನ ಸೀರೆಗಳನ್ನು ಅತ್ತಿಗೆಗೆಂದು ಎತ್ತಿಟ್ಟಳು. ಮಂಚವನ್ನು ಒಯ್ಯಲು ಪಕ್ಕದ ಬೀದಿಯವರು ಒಪ್ಪಿದರು. ಅದು ಬಾಗಿಲು ದಾಟುವಾಗ ಮಾತ್ರ ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ನಿಂತಿದ್ದಳು.

ಶನಿವಾರ ಅವಳ ಕೆಲಸದ ಕೊನೆಯ ದಿನ. ಭಾನುವಾರ ಅಣ್ಣ ಗಾಡಿ ತರುವವನಿದ್ದ.

ಶುಕ್ರವಾರ ನಲವತ್ತು ಜನರನ್ನು ಕೂರಿಸಿ ಸಿನಿಮಾ ತೋರಿಸಿದ್ದರು. ಪ್ರತಿಯೊಬ್ಬರ ಕೈಗೂ ಎರಡು ಗುಂಡಿಯ ಒಂದು ಪೆಟ್ಟಿಗೆ. ಶನಿವಾರ ಬೆಳಗ್ಗೆ ಲೆಕ್ಕ ಬಂತು. ನಲವತ್ತರಲ್ಲಿ ಇಪ್ಪತ್ತಾರು ಜನ ದುಃಖದ ಕೊನೆಗೇ ಹೋಗಿದ್ದರು.

ಡೈರೆಕ್ಟರ್ ಕುಣಿದಾಡಿದರು. “ನೋಡಿದ್ರಾ? ಜನಕ್ಕೆ ಅಳು ಬೇಕು ಕಣ್ರೀ! ಸುಖ ಯಾರಿಗೆ ಬೇಕು?”

ಬಟನ್ ಅಕ್ಕನ ಹುಬ್ಬು ಗಂಟಿಕ್ಕಿತ್ತು. “ಸಾರ್, ಒಂದು ನಿಮಿಷ. ಮೂರನೇ ಸಾಲಲ್ಲಿ ಒಬ್ಬರು ತಾತ ಇದ್ರಲ್ಲ, ಸ್ವೆಟರ್ ಹಾಕ್ಕೊಂಡು? ಅವರೂ ಹನ್ನೊಂದು ಸಲ ಆರಿಸಿದ್ದಾರೆ ಅಂತ ತೋರಿಸ್ತಿದೆ.”

“ಸರಿ, ಆರಿಸಿರಬಹುದು.”

“ಸಾರ್, ಆ ತಾತ ಶುರುವಲ್ಲಿ ಹೆಸರು ಬೀಳೋ ಹೊತ್ತಿಂದ ಗೊರಕೆ ಹೊಡೀತಿದ್ರು!”

ಕೋಣೆಯೆಲ್ಲ ಗೊಳ್ಳೆಂದಿತು. ಅವಳೂ ನಕ್ಕಳು. ಬಟನ್ ಅಕ್ಕ ಮಾತ್ರ ನಗದೆ ಕಂಪ್ಯೂಟರಿನ ಮುಂದೆ ಕೂತು ಅರ್ಧ ಗಂಟೆ ಹುಡುಕಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

“ಅಯ್ಯೋ ನನ್ನ ಬುದ್ಧಿಗಿಷ್ಟು! ಒತ್ತಿದ್ರೂ, ಒತ್ತದೇ ಇದ್ರೂ ಮೇಲಿನ ಪುಟದಲ್ಲಿ ಒಂದೇ ಥರ ಬರ್ತಿದೆ, ‘ವಿವರ’ ಒತ್ತಿದ್ರೆ ಮಾತ್ರ ಗೊತ್ತಾಗೋದು. ಹತ್ತು ಸೆಕೆಂಡು ಆಗಿ ತಾನೇ ಹೋದ್ರೂ ‘ಆರಿಸಿದ್ದಾರೆ’ ಅಂತಾನೇ ತೋರಿಸ್ತಿದೆ. ಅರ್ಧಕ್ಕರ್ಧ ಜನ ಕೈ ಕೂಡ ಆಡಿಸಿಲ್ಲ ಕಣೇ. ನೀನು ಇಟ್ಟ ದಾರೀಲಿ ಅದು ತಾನೇ ಹೋಗಿದೆ!”

ಅವಳ ನಗು ಅಲ್ಲೇ ನಿಂತಿತು.

‘ನಾನು ಇಟ್ಟ ದಾರಿ...’

“ಅಕ್ಕಾ... ಹಳೇ ಪ್ರತಿದೂ ನೋಡಬಹುದಾ? ಎಷ್ಟು ಹೊತ್ತು ತಗೊಂಡ್ರು ಅಂತ?”

“ಯಾವುದು?”

ಅವಳು ತೋರಿಸಿದಳು. ಬಟನ್ ಅಕ್ಕ ಫೈಲಿನ ಹೆಸರು ನೋಡಿದಳು. ಗೆಳತಿಯ ಮುಖ ನೋಡಿದಳು. ಎಂದೂ ಸುಮ್ಮನಿರದವಳು ಅವತ್ತು ಒಂದು ಪ್ರಶ್ನೆಯನ್ನೂ ಕೇಳದೆ ‘ವಿವರ’ ಒತ್ತಿ, ಕುರ್ಚಿ ಬಿಟ್ಟುಕೊಟ್ಟು ಹೊರಗೆ ಹೋದಳು.

ಶುಕ್ರವಾರ ಸಂಜೆ, ಹತ್ತು ಸೆಕೆಂಡು. ಒತ್ತಿಲ್ಲ.

ಶುಕ್ರವಾರ ಸಂಜೆ, ಇನ್ನೊಮ್ಮೆ. ಒತ್ತಿಲ್ಲ.

ಶನಿವಾರ ಬೆಳಗ್ಗೆ. ಮತ್ತೆ ಬೆಳಗ್ಗೆ. ಮಧ್ಯಾಹ್ನ. ಭಾನುವಾರ. ಅವಳು ರಾಜೀನಾಮೆ ಕೊಟ್ಟ ಸೋಮವಾರ. ಆಮೇಲಿನ ಮಂಗಳವಾರ...

ಅವಳು ಬೆರಳಿಟ್ಟು ಎಣಿಸಿದಳು. ಹತ್ತೊಂಬತ್ತು ಸಲ!

ಹತ್ತೊಂಬತ್ತು ಸಲ ಅವಳು ಅವನ ಮುಂದೆ ಪೆಟ್ಟಿಗೆ ಹಿಡಿದು ನಿಂತು ‘ನಾನು ಹೋಗಲಾ’ ಎಂದು ಕೇಳಿದ್ದಳು. ಅವನು ಒಮ್ಮೆಯೂ ಒತ್ತಲಿಲ್ಲ. ಪ್ರತಿ ಸಲವೂ ಹತ್ತು ಸೆಕೆಂಡು ಮುಗಿದು, ಅವಳೇ ಗೊತ್ತುಮಾಡಿಟ್ಟ ದಾರಿಯಲ್ಲಿ ಅವಳು ಹೊರಟುಹೋಗಿದ್ದಳು.

ಆಗ ಅಳು ಬಂತು. ವಾರದಿಂದ ಬಾರದಿದ್ದ ಅಳು...

*

ಅವನ ಮನೆ ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಕಂಬಿಯ ಮೇಲೆ ಒಗೆದ ಬಟ್ಟೆ, ಬಾಗಿಲ ಬಳಿ ಎರಡು ದಿನದ ಪೇಪರು ಹಾಗೇ ಬಿದ್ದಿದ್ದವು. ಅವಳು ಗಂಟೆ ಒತ್ತಲಿಲ್ಲ. ಕೈಯಿಂದ ಬಾಗಿಲು ಬಡಿದಳು.

ಬಾಗಿಲು ತೆಗೆದವನ ಹೆಗಲ ಮೇಲೆ ಶಾಲಿತ್ತು. ನಿಜವಾಗಿಯೂ ಜ್ವರ ಬಂದಿತ್ತು ಅವನಿಗೆ.

“ಮೇಡಂ... ನೀವು?”

“ಹತ್ತೊಂಬತ್ತು ಸಲ ನೋಡಿದ್ರಾ?”

ಅವನು ತಲೆ ತಗ್ಗಿಸಿದ.

“ಅದು ನನ್ನ ದನಿ ಅಂತ ಗೊತ್ತಾಯ್ತಾ?”

“ಮೊದಲನೇ ಸಲಾನೇ.”

“ಮತ್ತೆ?” ಅವಳ ದನಿ ಏರಿತು. ಪಕ್ಕದ ಮನೆಯ ಬಾಗಿಲು ಸ್ವಲ್ಪ ತೆರೆದು ಮತ್ತೆ ಮುಚ್ಚಿಕೊಂಡಿತು. “ಕಲ್ಲಾ ನೀವು? ನಾನು ಅಷ್ಟು ಸಲ ಕೇಳ್ತಿದ್ರೆ ಸುಮ್ಮನೆ ಕೂತು ನೋಡ್ತಿದ್ರಲ್ಲ!”

“ಬೆರಳು ಅಲ್ಲಿತನಕ ಹೋಗುತ್ತೆ. ಒತ್ತೋಕೆ ಆಗಲ್ಲ.” ಅವನು ಗೋಡೆಗೆ ಒರಗಿ ನಿಂತ. “‘ಇಲ್ಲೇ ಇರು’ ಅಂತ ನಾನು ಹೇಳಿ, ನೀವು ಉಳಿದು, ಆಮೇಲೆ ನಿಮಗೇನಾದ್ರೂ ಆದ್ರೆ? ಇನ್ನೊಂದು ಸಲ ನನ್ನ ಕೈಲಿ ಆಗಲ್ಲ. ನಿಜವಾಗ್ಲೂ ಆಗಲ್ಲ.”

“ಹಾಗಾದ್ರೆ ‘ಹೋಗಿ ಬಾ’ ಅಂತಾದ್ರೂ ಒತ್ತಬಹುದಿತ್ತಲ್ಲ?”

ಅವನು ತಟ್ಟನೆ ತಲೆಯೆತ್ತಿದ.

“ಅದನ್ನಾ? ಸತ್ತರೂ ಒತ್ತಲ್ಲ!”

ಅವಳ ಸಿಟ್ಟು ಕರಗಿಹೋಯಿತು. ಒಳಗೆ ಬಂದು ಬಾಗಿಲ ಪಕ್ಕದ ಕುರ್ಚಿಯ ಮೇಲೆ ಕೂತಳು. ಅದರ ಮೇಲೆ ಮಡಚದ ಬಟ್ಟೆ ರಾಶಿಯಿತ್ತು. ಬಟ್ಟೆಯ ಮೇಲೆಯೇ ಕೂತಳು. ಅವನು ಎದುರಿಗೆ ನೆಲದ ಮೇಲೆ ಕೂತ.

“ತಪ್ಪು ನಂದೂ ಇದೆ” ಎಂದಳು. “ನೀವು ಒತ್ತದೇ ಇದ್ರೆ ಸಿನಿಮಾ ಯಾವ ಕಡೆ ಹೋಗಬೇಕು ಅಂತ ಇಟ್ಟೋಳು ನಾನು. ಕೇಳೋ ಮೊದಲೇ ಉತ್ತರ ಬರೆದಿಟ್ಟಿದ್ದೆ. ಯಾರಿಗೂ ನಾನು ಬೇಡ ಅಂತ ಅಂದ್ಕೊಂಡೇ ಬೆಳೆದೋಳು ನಾನು. ನಿಮ್ಮ ಹೆಸರಲ್ಲಿ ಅದನ್ನೇ ಬರೆದು, ಅದನ್ನೇ ಓದ್ಕೊಂಡು, ರಾಜೀನಾಮೆ ಕೊಟ್ಟೆ. ನೋಡಿ ನನ್ನ ಜಾಣತನ!”

“ಹಾಗನ್ಬೇಡಿ...”

“ಇನ್ನೊಂದು ತಪ್ಪೂ ಮಾಡಿದೆ. ಪ್ರಶ್ನೇನೇ ಸರಿಯಾಗಿ ಕೇಳಲಿಲ್ಲ. ‘ಹೋಗಲಾ’ ಅಂತ ನಿಮ್ಮನ್ನ ಕೇಳಿದ್ದು ತಪ್ಪು. ಹೋಗೋದು, ಉಳಿಯೋದು ನಾನು ನೋಡ್ಕೋಬೇಕಾದ್ದು. ನಾಳೆ ಬಿದ್ರೂ ಎದ್ರೂ ಅದು ನಾನು ಮಾಡಿದ್ದು. ಅದಕ್ಕೆ ಸಹಿ ನಾನು ಹಾಕ್ತೀನಿ. ನಿಮ್ಮ ಹತ್ತಿರ ಹಾಕಿಸಲ್ಲ.”

ಅವನು ಅವಳನ್ನೇ ನೋಡುತ್ತಿದ್ದ. ಐದು ವರ್ಷದಿಂದ ಹೊತ್ತಿದ್ದ ಭಾರಕ್ಕೆ ಯಾರೋ ಒಂದು ಕೈ ಕೊಟ್ಟ ಹಾಗಿತ್ತು ಅವನ ಮುಖ.

“ಹಾಗಾದ್ರೆ... ನಾನೇನು ಹೇಳಬೇಕು?”

ಅವಳು ಕುರ್ಚಿಯ ತುದಿಗೆ ಸರಿದಳು. ಮೂವತ್ತೆರಡು ವರ್ಷದಲ್ಲಿ ಯಾರನ್ನೂ ಕೇಳದ ಮಾತು ಅದು. ಮಂಚದ ಮೇಲಿದ್ದ ಅಮ್ಮನನ್ನೂ ಕೇಳಿರಲಿಲ್ಲ.

“ನಾನು ನಿಮಗೆ ಬೇಕಾ?”

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಶುರುಮಾಡಲು ಒದ್ದಾಡುತ್ತಿದ್ದರು. ಅದು ಹೊತ್ತಿಕೊಂಡು, ದೂರ ಹೋಗಿ, ಸದ್ದು ಅಡಗಿತು. ಅವಳು ಕಾದಳು. ಎದ್ದು ಹೋಗಬೇಕೆನಿಸಿತು, ಆದರೂ ಕಾದಳು.

“ಬೇಕು” ಎಂದ.

ಆಮೇಲೆ ಕಟ್ಟೆ ಒಡೆದ ಹಾಗೆ ಬಂತು.

“ಬೇಕು. ಆ ಕತ್ತಲಲ್ಲಿ ಕೂತು ನಿಮ್ಮಮ್ಮನ ವಿಷಯ ಹೇಳಿದ್ರಲ್ಲ, ಅವತ್ತಿಂದ ಬೇಕು. ಬೆಳಗ್ಗೆ ನಿಮ್ಮ ಕೋಣೆ ಲೈಟು ಉರೀತಿದೆಯಾ ಅಂತ ಬೀದಿಯಿಂದಾನೇ ನೋಡ್ಕೊಂಡು ಮೇಲೆ ಬರ್ತೀನಿ. ಉರೀದೇ ಇದ್ರೆ ಮೆಟ್ಟಿಲು ಹತ್ತೋಕೇ ಬೇಜಾರು. ನೀವು ಹೋಗ್ತೀನಿ ಅಂದ ಮೇಲೆ ಊಟ ಸೇರಿಲ್ಲ ನನಗೆ...”

ಅವನು ಅಳುತ್ತಿದ್ದ. ಮುಖ ಮುಚ್ಚಿಕೊಳ್ಳದೆ, ಮಕ್ಕಳ ಹಾಗೆ. ಅವಳು ಕುರ್ಚಿಯಿಂದ ಜಾರಿ ನೆಲಕ್ಕೆ ಬಂದು ಅವನ ಪಕ್ಕ ಕೂತಳು. ಅವನ ಕೈ ಹಿಡಿದಳು. ಕೈ ಕೆಂಡದ ಹಾಗೆ ಸುಡುತ್ತಿತ್ತು.

“ಇಷ್ಟು ಜ್ವರ ಇಟ್ಕೊಂಡು ಮಾತ್ರೆ ತಗೊಂಡಿದ್ದೀರಾ?”

“ಇಲ್ಲ.”

“ಯಾಕೆ?”

“ಎರಡು ಥರ ಇತ್ತು ಅಂಗಡೀಲಿ...”

ಅಷ್ಟು ಅಳುವಿನ ನಡುವೆಯೂ ಅವಳಿಗೆ ನಗು ಉಕ್ಕಿತು. ಅವನಿಗೂ ಬಂತು. ನಗುತ್ತಲೇ ಅವಳು ಅವನ ಹೆಗಲಿಗೆ ತಲೆ ಇಟ್ಟಳು. ಎಷ್ಟು ದಣಿದಿದ್ದಳೆಂದು ಆಗಲೇ ಅವಳಿಗೆ ತಿಳಿದದ್ದು.

“ನನಗೆ ಭಯ ಹೋಗಿಲ್ಲ” ಎಂದ ಅವನು. “ಹೋಗುತ್ತೋ ಇಲ್ವೋ ಗೊತ್ತಿಲ್ಲ.”

“ನನಗೂ ಇದೆ. ನಾಳೆ ನಿಮಗೆ ನಾನು ಸಾಕಾಗಿಬಿಟ್ರೆ ಅಂತ ಈಗಲೇ ಶುರುವಾಗಿದೆ. ಇರಲಿ ಬಿಡಿ. ನಾನು ಹೋಗಲ್ಲ. ಇಲ್ಲೇ ಇರ್ತೀನಿ. ಇದು ನಾನು ಹೇಳ್ತಿರೋದು.”

ಅವಳ ಬ್ಯಾಗಿನಲ್ಲಿ ಫೋನು ಹೊಡೆದುಕೊಂಡಿತು. ಅಣ್ಣ. ನಾಳೆ ಗಾಡಿ ಎಷ್ಟು ಹೊತ್ತಿಗೆ ತರಲಿ ಎಂದು ಕೇಳಲು ಇರಬೇಕು. ಅವಳು ಫೋನು ಕೈಯಲ್ಲಿ ಹಿಡಿದು ಸುಮ್ಮನೆ ನೋಡಿದಳು.

“ಏನು ಹೇಳ್ತೀರಾ?” ಎಂದು ಕೇಳಿದ ಅವನು.

“ಇಲ್ಲಿ ಒಬ್ಬರಿಗೆ ನಾನು ಬೇಕಂತೆ ಅಂತ ಹೇಳ್ತೀನಿ.”

ಅವನು ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

“ತುಂಬಾ ಬೇಕು ಅಂತ ಹೇಳು.”